ಕೆನ್ನೆ ಇಟ್ಟ ಜಾಗ

ಊರಿನವರು ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಬಂದೂಕಿನಕ್ಕ. ಎರಡೂ ಅವಳಿಗೆ ಗೊತ್ತಿತ್ತು. ಯಾವ ಹೆಸರಿನಿಂದ ಕರೆದರೂ ತಿರುಗಿ ನೋಡುತ್ತಿದ್ದಳು.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಒಂದು ಪಕ್ಕಕ್ಕೆ ಬೀಗ ರಿಪೇರಿಯವನು, ಇನ್ನೊಂದು ಪಕ್ಕಕ್ಕೆ ಹೊಲಿಗೆ ಯಂತ್ರದ ಮಳಿಗೆ. ಒಳಗೆ ಎರಡು ಕೋಣೆ. ಮುಂದಿನದು ಗಂಡನದು: ಲೇತು, ಕೊರೆಯುವ ಯಂತ್ರ, ಎಣ್ಣೆ ಕುಡಿದು ಕಪ್ಪಾದ ನೆಲ. ಹಿಂದಿನದು ಅವಳದು: ಉತ್ತರಕ್ಕೆ ದೊಡ್ಡ ಕಿಟಕಿ, ಅದರ ಕೆಳಗೆ ಉದ್ದನೆಯ ಮೇಜು, ಹಳೆಯ ಕಂಬಳಿ ಸುತ್ತಿದ ಇಕ್ಕಳ, ಗೋಡೆಯ ಮೇಲೆ ಅರಗಳು ಮತ್ತು ಉಳಿಗಳು. ಕಬ್ಬಿಣ ಗಂಡನ ಪಾಲು, ಮರ ಹೆಂಡತಿಯ ಪಾಲು. ಬಂದೂಕನ್ನು ನೋಡಿ ತೀರ್ಪು ಹೇಳುವುದೂ ಅವಳದೇ ಪಾಲು. ಅದು ಹೇಗೆ ಬಂತೆಂದು ಇಬ್ಬರಿಗೂ ನೆನಪಿರಲಿಲ್ಲ.

ಅಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಸತ್ತವರ ಬಂದೂಕುಗಳು. ಅಪ್ಪನದು, ಮಾವನದು, ಮಕ್ಕಳಿಲ್ಲದ ದೊಡ್ಡಪ್ಪನದು. ಪರವಾನಗಿ ಹೆಸರಿಗೆ ಬಂದ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದು ಇನ್ನೂ ಕೆಲಸಕ್ಕೆ ಬರುತ್ತದೋ, ಇಲ್ಲ ಗೋಡೆಗೋ? ಕೆಲಸಕ್ಕೆ ಬರುವುದಾದರೆ ಇನ್ನೊಂದು ಪ್ರಶ್ನೆ: ನನ್ನ ಮೈಗೆ ತಕ್ಕಂತೆ ಮಾಡಿಕೊಡುತ್ತೀರಾ? ಸತ್ತವನ ಅಂಗಿ ಮಗನಿಗೆ ಆಗದಿದ್ದರೆ ಹೊಲಿಗೆಯವನ ಬಳಿ ಹೋಗುತ್ತಾರಲ್ಲ, ಹಾಗೆಯೇ ಇದು. ತೋಳಿನ ಉದ್ದಕ್ಕೆ ಮರದ ಬುಡ ಕುಯ್ಯಬೇಕು, ಇಲ್ಲವೇ ತುಂಡು ಸೇರಿಸಬೇಕು. ಕೆನ್ನೆ ಎಲ್ಲಿ ಕೂರುತ್ತದೋ ಅಲ್ಲಿ ಮರ ತಗ್ಗಿಸಬೇಕು, ಇಲ್ಲವೇ ಏರಿಸಬೇಕು. ಕೆನ್ನೆ ಸರಿಯಾದ ಜಾಗದಲ್ಲಿ ಕೂತರೆ ಕಣ್ಣು ತಾನಾಗಿ ಗುರಿಯ ಸಾಲಿಗೆ ಬರುತ್ತದೆ. ಕೂರದಿದ್ದರೆ ಎಂಥ ಬಂದೂಕಾದರೂ ದೊಣ್ಣೆಯೇ.

ಅವಳು ಈ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ಒಂದು ಕಾರಣವಿತ್ತು. ಗಂಡ ಅದನ್ನು ಬಂದ ನೆಂಟರಿಗೆಲ್ಲ ಹೇಳಿ ನಗುತ್ತಿದ್ದ.

“ನನ್ನ ಮುಖ ನೋಡಿ ಒಪ್ಪಿದ್ದು ಅಂದ್ಕೊಂಡ್ರಾ? ಬಾಗಿಲ ಮೇಲಿದ್ದ ಬೋರ್ಡು ನೋಡಿ ಒಪ್ಪಿದ್ದು. ‘ಬಂದೂಕು ರಿಪೇರಿ’ ಅಂತಿತ್ತು. ಅಷ್ಟೇ ಓದಿದ್ಳು, ತಲೆ ಆಡಿಸಿದ್ಳು.”

“ನಿಮ್ಮ ಮುಖಾನೂ ನೋಡಿದ್ದೆ,” ಎನ್ನುತ್ತಿದ್ದಳು ಅವಳು. “ನೋಡಿ ಮತ್ತೆ ಬೋರ್ಡು ನೋಡ್ದೆ.”

ನಗುವಿನ ಕೆಳಗೆ ಇದ್ದದ್ದು ನಿಜ. ಅವಳ ಅಪ್ಪ ಬೆಳೆ ಕಾಯುವ ಬೇಟೆಗಾರ. ಫಸಲು ತುಂಬುವ ಕಾಲಕ್ಕೆ ಹಂದಿಗಳು ಗುಡ್ಡ ಇಳಿದು ಬರುತ್ತಿದ್ದವು. ರೈತರು ಅವನನ್ನು ಕರೆಯುತ್ತಿದ್ದರು. ಅವನ ಹತ್ತಿರ ಇದ್ದದ್ದು ಒಂದೇ ರೈಫಲು, ಅದೂ ಯಾರೋ ಬಳಸಿ ಬಿಟ್ಟದ್ದು. ಮರ ಅವನ ಮುಖಕ್ಕೆ ಎತ್ತರವಾಗಿತ್ತು. ಒಂದು ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು, ಒಡೆದ ಲಾಂದ್ರದ ಗಾಜಿನ ಚೂರಿನಿಂದ ಮರವನ್ನು ಹೆರೆದ. ಇನ್ನೊಂದು ತುದಿಯನ್ನು ಹಿಡಿದುಕೊಂಡವಳು ಅವಳು. ನಾಲ್ಕು ಎಳೆ ಹೆರೆಯುವುದು, ಕೆನ್ನೆ ಇಟ್ಟು ನೋಡುವುದು, ಮತ್ತೆ ಹೆರೆಯುವುದು. ಸಂಜೆಯ ಹೊತ್ತಿಗೆ ಮರದಲ್ಲಿ ಅಂಗೈಯಷ್ಟು ಅಗಲದ ಒಂದು ಹಳ್ಳವಾಗಿತ್ತು. “ಈಗ ನೀನಿಟ್ಟು ನೋಡು,” ಎಂದ. ಅವಳ ಕೆನ್ನೆಯೂ ಅಲ್ಲಿ ಸರಿಯಾಗಿ ಕೂತಿತು. ಅದೇ ಅಗಲ ದವಡೆ. “ಅಪ್ಪ ಮಗಳು ಒಂದೇ ಅಚ್ಚಿನ ಇಟ್ಟಿಗೆ,” ಎಂದಿದ್ದಳು ಒಳಗಿನಿಂದ ಅಮ್ಮ. ಅವತ್ತೇ ರೈಫಲಿನ ಬುಡಕ್ಕೆ ಬಿಗಿದ ತಗಡಿನ ಒಂದು ಸ್ಕ್ರೂ ಕಳೆದುಹೋಗಿ, ಅಪ್ಪ ಅಮ್ಮನ ಕಪಾಟಿನ ಕೀಲಿನಿಂದ ಒಂದು ಹಿತ್ತಾಳೆ ಸ್ಕ್ರೂ ಬಿಚ್ಚಿ ಹಾಕಿದ. ಆಮೇಲೆ ಆ ಕಪಾಟಿನ ಬಾಗಿಲು ಕೊನೆಯವರೆಗೂ ಜೋತುಕೊಂಡೇ ಇತ್ತು. ಅಮ್ಮ ಅದನ್ನು ತೆಗೆಯುವಾಗಲೆಲ್ಲ ಒಂದು ಬೈಗುಳ ಇರುತ್ತಿತ್ತು.

ಅಪ್ಪ ತೀರಿಕೊಂಡ ವರ್ಷ ಅವಳು ಚಿಕ್ಕಮ್ಮನ ಮನೆಗೆ ಹೋಗಿ ಬರುವಷ್ಟರಲ್ಲಿ ಅಣ್ಣ ರೈಫಲನ್ನು ಮಾರಿಬಿಟ್ಟಿದ್ದ.

“ಯಾರಿಗೆ ಕೊಟ್ಟೆ?”

“ಜೀಪಲ್ಲಿ ಬಂದಿದ್ರು. ಕೇಳಲಿಲ್ಲ.”

“ಕೇಳಲಿಲ್ವಾ?”

“ಏನಂತ ಕೇಳ್ಲಿ? ನನಗೆ ಅದು ಮನೇಲಿರೋದು ನೋಡಕ್ಕಾಗ್ತಿರಲಿಲ್ಲ ಕಣೇ.”

ಕೆಲವರಿಗೆ ಸತ್ತವರ ವಸ್ತು ಕಣ್ಣೆದುರು ಇರಬೇಕು, ಕೆಲವರಿಗೆ ಇರಬಾರದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲೂ ಇಬ್ಬಗೆ. ಆಮೇಲೆ ಅಮ್ಮನೂ ಹೋದಳು. ರಸ್ತೆ ಅಗಲ ಮಾಡುವಾಗ ಮನೆ ಹೋಯಿತು. ಅಣ್ಣ ಎಲ್ಲೋ ಬಂದರಿನಲ್ಲಿ ಕೆಲಸ ಹಿಡಿದು ಅಲ್ಲಿಯವನೇ ಆದ. ತವರು ಎಂದು ಬೊಟ್ಟು ಮಾಡಿ ತೋರಿಸಲು ಅವಳಿಗೆ ಭೂಮಿಯ ಮೇಲೆ ಉಳಿದದ್ದು ಆ ಒಂದು ರೈಫಲು. ಅದು ಎಲ್ಲಿತ್ತೋ. ಆದರೆ ಬಂದೂಕು ಅಂದ ಮೇಲೆ ಎಂದಾದರೂ ಕೆಡಲೇಬೇಕು, ಕೆಟ್ಟರೆ ರಿಪೇರಿಗೆ ಬರಲೇಬೇಕು, ಸುತ್ತಿನ ನಾಲ್ಕು ಊರಿಗೆ ಇದ್ದದ್ದು ಒಂದೇ ಅಂಗಡಿ. ಈ ಲೆಕ್ಕದ ಮೇಲೆ ಅವಳು ತಲೆ ಆಡಿಸಿದ್ದಳು. ಮದುವೆಯಾದ ಮೇಲೆ ಮಾವನ ಪಕ್ಕದಲ್ಲಿ ಕೂತು ಕೆಲಸ ಕಲಿತಳು. ಮಾವ ಹೋದ ಮೇಲೆ ಅವನ ಸ್ಟೂಲಿನ ಮೇಲೆ ಕೂತಳು.

ಮಾವ ಕಲಿಸಿದ ಕ್ರಮದಲ್ಲಿ ಮೊದಲು ಖಾಲಿಯೇ ಎಂದು ನೋಡಬೇಕು, ಆಮೇಲೆ ನಳಿಗೆ, ಆಮೇಲೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟು, ಕೊನೆಗೆ ಮರ. ಅವಳು ಖಾಲಿಯೇ ಎಂದು ನೋಡಿದ ತಕ್ಷಣ ಬಂದೂಕನ್ನು ಹೆಗಲಿಗೇರಿಸಿ ಕೆನ್ನೆ ಇಡುತ್ತಿದ್ದಳು. ಮಾವ ಅದನ್ನು ಬಿಡಿಸಲು ನೋಡಿ ಸೋತಿದ್ದ. ಲೇತಿನ ಹಿಂದಿನಿಂದ ಗಂಡ ಕೂಗುತ್ತಿದ್ದ:

“ಏನೇ, ತವರು ಬಂತಾ?”

“ಇಲ್ಲ ರೀ. ಇದು ಯಾರದೋ ಅತ್ತೆ ಮನೆ.”

ಮೂವತ್ತು ವರ್ಷಕ್ಕೂ ಮೇಲೆ ಇದೇ ಪ್ರಶ್ನೆ, ಇದೇ ಉತ್ತರ.

ಆ ದಿನ ಗಾಳಿ ಜೋರಾಗಿತ್ತು. ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಶಾಲಾ ಬಸ್ ಓಡಿಸುವ ಹುಡುಗಿ. ಸಮವಸ್ತ್ರದ ಅಂಗಿಯ ತೋಳು ಮಡಚಿತ್ತು. ಹೂವಿನ ಚಿತ್ರದ ಹಾಸಿಗೆ ಹೊದಿಕೆಯಲ್ಲಿ ಉದ್ದನೆಯದನ್ನೇನೋ ಸುತ್ತಿ ಎರಡೂ ತೋಳಲ್ಲಿ ಹೊತ್ತಿದ್ದಳು.

“ಅಕ್ಕಾ, ಹೆಣ ಅಂದ್ಕೋಬೇಡಿ. ಬಂದೂಕು.”

“ಇಲ್ಲಿಗೆ ಬರೋವೆಲ್ಲ ಹೀಗೇ ಬರೋದು ಕಣಮ್ಮ. ಹೊದಿಕೆ ಚೆನ್ನಾಗಿದೆ. ಮೇಜಿನ ಮೇಲಿಡು.”

“ನಮ್ಮಜ್ಜನದು. ಹೋದ ವರ್ಷ ತೀರ್ಕೊಂಡ್ರು. ನನಗೇ ಕೊಡ್ಬೇಕು ಅಂತ ಹೇಳಿ ಹೋದ್ರು. ನಮ್ಮಮ್ಮನಿಗೆ ಇಷ್ಟ ಇಲ್ಲ. ‘ಕೆಲಸಕ್ಕೆ ಬಂದ್ರೆ ಇಟ್ಕೋ, ಸುಮ್ನೆ ಅಲಂಕಾರಕ್ಕೆ ನನ್ನ ಮನೇಲಿ ಬೇಡ’ ಅಂದಿದಾಳೆ. ಕೆಲಸಕ್ಕೆ ಬರುತ್ತೆ ಅಂದ್ರೆ ನನ್ನ ಅಳತೆಗೆ ಮಾಡಿಕೊಡಿ, ಮೇಲೊಂದು ದುರ್ಬೀನು ಕೂರಿಸಿ. ಬರಲ್ಲ ಅಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ. ನೀವೇ ಇಟ್ಕೊಳ್ಳಿ.”

ಅಕ್ಕ ಹೊದಿಕೆ ಬಿಚ್ಚಿದಳು. ಬೋಲ್ಟು ತೆಗೆದು ಕಿರುಬೆರಳನ್ನು ಗುಂಡಿನ ಕೋಣೆಯೊಳಗೆ ಹಾಕಿ ಖಾಲಿ ಇದೆಯೆಂದು ನೋಡಿಕೊಂಡಳು. ಅಭ್ಯಾಸದಂತೆ ಹೆಗಲಿಗೇರಿಸಿದಳು.

ಕೆನ್ನೆ ಇಳಿಯಿತು. ಹುಡುಕಲಿಲ್ಲ, ತಡಕಾಡಲಿಲ್ಲ, ದಿಂಬಿನ ಮೇಲೆ ತಲೆ ಇಳಿಯುವಂತೆ ಇಳಿದು ಕೂತಿತು. ಕಿಟಕಿಯಾಚೆ ಹೊಲಿಗೆ ಯಂತ್ರದ ಮಳಿಗೆಯ ಬೋರ್ಡಿನ ಒಂದು ಅಕ್ಷರ ಗುರಿಯ ಸಾಲಿನಲ್ಲಿ ನೇರವಾಗಿ ನಿಂತಿತ್ತು.

ಅವಳು ಬಂದೂಕನ್ನು ಇಳಿಸಿ, ತಿರುಗಿಸಿ, ಬುಡದ ತಗಡನ್ನು ನೋಡಿದಳು. ಮೇಲಿನ ಸ್ಕ್ರೂ ಕಬ್ಬಿಣದ್ದು, ಚಪ್ಪಟೆ ತಲೆಯದು. ಕೆಳಗಿನದು ಹಿತ್ತಾಳೆಯದು, ಗುಂಡು ತಲೆಯದು, ಕಪಾಟಿನ ಕೀಲಿಗೆ ಹಾಕುವಂಥದು.

“ಏನೇ, ತವರು ಬಂತಾ?” ಲೇತಿನ ಸದ್ದಿನ ನಡುವೆ ಗಂಡ ಕೂಗಿದ.

ಉತ್ತರ ಬರಲಿಲ್ಲ. ಲೇತು ನಿಂತಿತು. ಅವನು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಹೆಂಡತಿಯ ಮುಖ ನೋಡಿದ. ಬಾಯಿ ತೆರೆದವನು ಹುಡುಗಿಯನ್ನು ಕಂಡು ಮುಚ್ಚಿಕೊಂಡ.

“ಯಾಕಕ್ಕಾ? ಏನಾದ್ರೂ ಮುರಿದಿದೆಯಾ?” ಹುಡುಗಿ ಕೇಳಿದಳು.

“ಇಲ್ಲ. ನೋಡ್ತಿದೀನಿ.” ಅವಳು ಹೆಬ್ಬೆರಳಿನಿಂದ ಹಿತ್ತಾಳೆ ಸ್ಕ್ರೂ ಮುಚ್ಚಿಕೊಂಡಳು. “ನಿಮ್ಮಜ್ಜನಿಗೆ ಎಲ್ಲಿ ಸಿಕ್ತಂತೆ ಇದು?”

“ಕೊಂಡಿದ್ದಂತೆ. ಊರೂರು ತಿರುಗಿ ಹಳೇ ಸಾಮಾನು ತಗೊಳ್ಳೋ ಜೀಪಿನವರ ಹತ್ರ. ನೋಡಿ, ಇಲ್ಲಿ ನೋಡಿ.” ಹುಡುಗಿ ಬಗ್ಗಿ ಮರದ ಹಳ್ಳದ ಮೇಲೆ ಬೆರಳಾಡಿಸಿದಳು. “ಇದು ನಮ್ಮಜ್ಜನ ಕೆನ್ನೆ. ಇಟ್ಟು ಇಟ್ಟು ಸವೆದು ಹಳ್ಳ ಬಿದ್ದಿದೆ. ಚಿಕ್ಕೋಳಿದ್ದಾಗ ನಾನು ಇದರಲ್ಲಿ ನೀರು ಹಾಕಿ ಬೈಸ್ಕೊಂಡಿದೀನಿ.”

ಅಕ್ಕ ಆ ಬೆರಳನ್ನೇ ನೋಡಿದಳು. ಅದು ನಮ್ಮಪ್ಪ ಗಾಜಿನ ಚೂರಿನಿಂದ ಹೆರೆದದ್ದು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು.

ಪರೀಕ್ಷೆ ಶುರುವಾಯಿತು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಳಗಿನ ಸುರುಳಿ ಗೆರೆಗಳು ಚೂಪಾಗಿಯೇ ಇದ್ದವು, ಬಾಯಿಯ ಹತ್ತಿರ ಒಂದೆರಡು ತುಕ್ಕಿನ ಚುಕ್ಕೆ ಬಿಟ್ಟರೆ. ಮರವನ್ನು ಗೆಣ್ಣಿನಿಂದ ತಟ್ಟಿ ಕೇಳಿದಳು. ಒಡಕು ದನಿ ಇಲ್ಲ. ಉಳಿದದ್ದು ಮುಖ್ಯವಾದ ಒಂದು. ಗುಂಡು ಕೋಣೆಯಲ್ಲಿ ಕೂತ ಮೇಲೆ ಬೋಲ್ಟು ಅದರ ಹಿಂದೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಬಾಗಿಲಿಗೂ ಗುಂಡಿಗೂ ನಡುವೆ ಸವೆದು ಸವೆದು ಜಾಗ ಹೆಚ್ಚಾಗಿದ್ದರೆ ಹಾರಿಸುವಾಗ ಗುಂಡಿನ ಹಿತ್ತಾಳೆ ಚಿಪ್ಪು ಸೀಳಿ ಬೆಂಕಿ ಹಿಂದಕ್ಕೆ, ಹಾರಿಸುವವರ ಮುಖಕ್ಕೇ ಬರಬಹುದು. ಆ ಜಾಗ ಅಳೆಯಲು ಉಕ್ಕಿನ ಎರಡು ಗೇಜುಗಳಿವೆ. ನೋಡಲು ಒಂದೇ, ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ. ಚಿಕ್ಕದಕ್ಕೆ ಗಂಡ ಇಟ್ಟ ಹೆಸರು ಸೊಸೆ, ಉದ್ದದ್ದಕ್ಕೆ ಅತ್ತೆ. “ಸೊಸೆ ಒಳಗಿದ್ರೆ ಬಾಗಿಲು ಮುಚ್ಚಬೇಕು. ಅತ್ತೆ ಒಳಗಿದ್ರೆ ಮುಚ್ಚಬಾರದು. ಅತ್ತೆ ಮೇಲೂ ಬಾಗಿಲು ಮುಚ್ಕೊಂಡ್ರೆ ಆ ಮನೆ ಸಡಿಲ ಅಂತ ಅರ್ಥ,” ಎಂದು ಅವನು ಗಿರಾಕಿಗಳಿಗೆ ವಿವರಿಸುತ್ತಿದ್ದ.

ಸೊಸೆಯ ಮೇಲೆ ಬೋಲ್ಟು ಮುಚ್ಚಿತು. ಅಕ್ಕ ಅತ್ತೆಯನ್ನು ಒಳಗಿಟ್ಟಳು.

ಕ್ರಮದ ಪ್ರಕಾರ ಬೋಲ್ಟಿನೊಳಗಿನ ಸ್ಪ್ರಿಂಗನ್ನು ಮೊದಲೇ ಬಿಚ್ಚಿಡಬೇಕು. ಈ ಜಾತಿಯ ಹಳೆಯ ರೈಫಲಿನಲ್ಲಿ ಬೋಲ್ಟು ಮುಚ್ಚುವಾಗ ಸ್ಪ್ರಿಂಗೇ ಎದುರು ತಳ್ಳುತ್ತದೆ. ಅದನ್ನು ಬಿಚ್ಚದಿದ್ದರೆ ಕೈಗೆ ತಾಗುತ್ತಿರುವುದು ಸ್ಪ್ರಿಂಗೋ ಗೇಜೋ ತಿಳಿಯುವುದಿಲ್ಲ. ಬಿಚ್ಚಿದ ಮೇಲೆ ಎರಡೇ ಬೆರಳಿನಿಂದ, ಮಲಗಿದ ಮಗುವಿನ ಕಣ್ಣ ಮೇಲಿನ ಕೂದಲು ಸರಿಸುವಷ್ಟು ಹಗುರವಾಗಿ ಮುಚ್ಚಿ ನೋಡಬೇಕು; ಬಲ ಹಾಕಿದರೆ ಸರಿಯಾಗಿರುವ ಬೋಲ್ಟೂ ಅತ್ತೆಯ ಮೇಲೆ ಮುಚ್ಚಿಕೊಂಡುಬಿಡುತ್ತದೆ. ಮಾವ ಇದನ್ನು ಅವಳಿಗೆ ಒಂದು ಮಳೆಗಾಲವಿಡೀ ಕಲಿಸಿದ್ದ. ಅವಳು ಸ್ಪ್ರಿಂಗು ಬಿಚ್ಚಲಿಲ್ಲ. ಅಂಗೈ ಇಟ್ಟು ಒತ್ತಿದಳು. ಎದುರಿನಿಂದ ತಡೆ ಬಂತು. ಇನ್ನಷ್ಟು ಒತ್ತಿದಳು. ಬೋಲ್ಟಿನ ಹಿಡಿ ಕೆಳಗಿಳಿಯಿತು.

“ಮುಚ್ಚಿತು,” ಎಂದಳು.

“ಅಂದ್ರೆ?”

“ಸಡಿಲ ಆಗಿದೆ ಮಗಳೇ. ಹಾರಿಸೋ ಹಾಗಿಲ್ಲ.”

ಹುಡುಗಿಯ ಮುಖ ಸಣ್ಣದಾಯಿತು. ಒಂದು ಸಲ ಹೊದಿಕೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಸರಿ ಮಾಡಕ್ಕಾಗಲ್ವಾ?”

“ನಳಿಗೆ ಬಿಚ್ಚಿ ಹಿಂದಕ್ಕೆ ಕೂರಿಸ್ಬೇಕು, ಕೋಣೆ ಹೊಸದಾಗಿ ಕೊರೀಬೇಕು. ಇಷ್ಟು ಹಳೇದಕ್ಕೆ...”

“ಬೇಡ ಬಿಡಿ. ಅಮ್ಮ ಮೊದಲೇ ಹೇಳಿದ್ಳು.” ಹುಡುಗಿ ಬಗ್ಗಿ ಮರದ ಮೇಲೆ ಕೆನ್ನೆ ಇಟ್ಟಳು. ಅವಳದು ಸಣ್ಣ ಮುಖ. ಆ ಹಳ್ಳದಲ್ಲಿ ಕೆನ್ನೆ ಮುಳುಗಿ ಹೋಯಿತು. ಸ್ವಲ್ಪ ಹೊತ್ತು ಹಾಗೇ ಇದ್ದು ಎದ್ದಳು. “ಇನ್ನೂ ಅವರ ತಲೆಗೆಣ್ಣೆ ವಾಸನೆ ಬರತ್ತೆ ಅಕ್ಕಾ. ಬಸ್ಸಿಗೆ ಹೊತ್ತಾಯ್ತು. ಇದು ಇಲ್ಲೇ ಇರ್ಲಿ, ನಿಮ್ಮ ಹೆಸರಿಗೆ ಮಾಡೋ ಕಚೇರಿ ಕೆಲಸ ಶಾಲೆಗೆ ರಜೆ ಶುರುವಾದ ಮೇಲೆ ಬಂದು ಮಾಡಿಕೊಡ್ತೀನಿ.”

ಬಾಗಿಲು ಗಾಳಿಗೆ ಎರಡು ಸಲ ಬಡಿದುಕೊಂಡಿತು.

ಗಂಡ ಒಳಗೆ ಬಂದ. ಸ್ಟೂಲೊಂದನ್ನು ಎಳೆದು ಎದುರಿಗೆ ಕೂತ. “ಅದೇನಾ?”

ಅವಳು ಹಿತ್ತಾಳೆ ಸ್ಕ್ರೂ ತೋರಿಸಿದಳು. ಅವನು ಅದನ್ನು ನೋಡಿ, ಅವಳನ್ನು ನೋಡಿ, ತಲೆ ಕೆರೆದುಕೊಂಡ. “ಅಂತೂ ಇಂತೂ ನಮ್ಮ ಮಾವನ ಮನೆ ಬಂತು. ನಾನು ಅಳಿಯ ಕಣೇ. ಒಂದು ಕಾಫಿನಾದ್ರೂ ಕೊಡಿಸು.” ಅವಳು ನಗಲು ಹೋಗಿ ಅತ್ತಳು. ಅವನು ತಾನೇ ಎದ್ದು ಹೋಗಿ ಕಾಫಿ ತಂದ.

ಆಮೇಲಿನ ದಿನಗಳಲ್ಲಿ ಅವಳು ಅದನ್ನು ಗೋಡೆಗೆ ನೇತುಹಾಕಲಿಲ್ಲ, ಬೀರುವಿನಲ್ಲೂ ಇಡಲಿಲ್ಲ. ಮೇಜಿನ ಒಂದು ಕೊನೆಯಲ್ಲಿ, ಕಂಬಳಿಯ ಮೇಲೆ ಇಟ್ಟುಕೊಂಡಳು. ಬೇರೆಯವರ ಕೆಲಸದ ನಡುವೆ ಕೈ ಅದರ ಮೇಲೆ ಹೋಗಿ ಬರುತ್ತಿತ್ತು. ಕೆನ್ನೆ ಇಡುತ್ತಿದ್ದಳು. ಹೊಸ್ತಿಲು ಕಾಣುತ್ತಿತ್ತು, ಗಾಜಿನ ಕೆಳಗಿನಿಂದ ಸುರುಳಿಯಾಗಿ ಏಳುತ್ತಿದ್ದ ಮರದ ಎಳೆಗಳು ಕಾಣುತ್ತಿದ್ದವು, ಅವುಗಳ ಮೇಲಿದ್ದ ಅಪ್ಪನ ಕೈ ಕಾಣುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ. ಎಷ್ಟು ಹೊತ್ತು ಕೆನ್ನೆ ಇಟ್ಟರೂ ಬರಲಿಲ್ಲ. ವಸ್ತು ಸಿಕ್ಕಿದ ಮೇಲೆ ಹಂಬಲ ಇಳಿಯುತ್ತದೆ ಎಂದುಕೊಂಡಿದ್ದಳು. ಅದು ಇಳಿಯುವ ಬದಲು ಗಟ್ಟಿಯಾಗಿ ಕೂತಿತು.

ಒಂದು ಬೆಳಿಗ್ಗೆ, ತನ್ನದೇ ಆದ ಮೇಲೆ ತೊಳೆದು ಎಣ್ಣೆ ಹಾಕೋಣವೆಂದು ಬೋಲ್ಟು ಬಿಚ್ಚಿದಳು. ಸ್ಪ್ರಿಂಗು ತೆಗೆದಳು. ಕೋಣೆಯ ಜಿಡ್ಡು ಒರೆಸಿದಳು. ಬಿಚ್ಚಿದ ಬೋಲ್ಟು ಕೈಯಲ್ಲಿದ್ದರೆ ಗೇಜಿಟ್ಟು ನೋಡುವುದು ಅವಳ ಕೈಗೆ ಅಂಟಿದ ಅಭ್ಯಾಸ. ಅತ್ತೆಯನ್ನು ಒಳಗಿಟ್ಟು ಎರಡು ಬೆರಳಿನಿಂದ ಹಿಡಿ ಇಳಿಸಿದಳು.

ಇಳಿಯಲಿಲ್ಲ.

ತೆಗೆದು ಒರೆಸಿ ಮತ್ತೆ ಇಟ್ಟಳು. ಇಳಿಯಲಿಲ್ಲ. ಸೊಸೆಯನ್ನು ಇಟ್ಟಳು, ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಬಾಗಿಲು ಸಡಿಲವಾಗಿರಲಿಲ್ಲ. ಅಪ್ಪನ ರೈಫಲು ಗಟ್ಟಿಮುಟ್ಟಾಗಿತ್ತು. ಅವತ್ತು ಸಡಿಲವಾಗಿದ್ದದ್ದು ಅವಳ ಕೈ.

ಅವಳು ಸುಳ್ಳು ಹೇಳಿರಲಿಲ್ಲ. ನಾಲಿಗೆ ಹೇಳಿದ್ದು ಕಣ್ಣು ಕಂಡದ್ದನ್ನೇ. ಕಣ್ಣಿಗೆ ಹಾಗೆ ಕಾಣುವಂತೆ ಮಾಡಿದ್ದು ಅಂಗೈ. ಇಷ್ಟು ವರ್ಷದಲ್ಲಿ ಒಂದು ಬಂದೂಕಿಗೂ ಬಿಚ್ಚದೆ ಗೇಜು ಹಾಕದವಳು ಅದೊಂದಕ್ಕೆ ಯಾಕೆ ಹಾಕಿದಳು? ಅದನ್ನು ಅವಳು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಬಂದೂಕನ್ನು ಕಿಟಕಿಗೆ ತಂದು ಭೂತಗನ್ನಡಿ ಹಿಡಿದು ಹಳ್ಳವನ್ನು ನೋಡಿದಳು. ಅಪ್ಪನ ಗಾಜು ಎಳೆದ ಸಣ್ಣ ಗೆರೆಗಳನ್ನು ಹುಡುಕುತ್ತಿದ್ದಳು. ಅಂಚಿನ ಸುತ್ತ ಅವು ಇದ್ದವು, ಒಂದರ ಪಕ್ಕ ಒಂದು. ನಡುವೆ ಇರಲಿಲ್ಲ. ನಡುವಿನ ಮರ ಕನ್ನಡಿಯಂತೆ ನುಣುಪಾಗಿ, ಬಣ್ಣ ಏರಿ, ಅಂಚಿಗಿಂತ ಒಂದಿಷ್ಟು ತಗ್ಗಾಗಿತ್ತು. ಅಪ್ಪ ಅದನ್ನು ಬಳಸಿದ್ದು ಕೆಲವೇ ಫಸಲು. ಇಷ್ಟು ಸವೆಸಲು ಅದು ಸಾಲದು. ಮೂವತ್ತು ವರ್ಷ ಬೇರೊಬ್ಬ ಮುದುಕನ ಕೆನ್ನೆ ಅಲ್ಲಿ ಕೂತು ಎದ್ದಿತ್ತು. ಹುಡುಗಿ ಹೇಳಿದ್ದೂ ಸುಳ್ಳಾಗಿರಲಿಲ್ಲ.

ಗಂಡ ಬಂದಾಗ ಅವಳು ಎರಡು ಬೆರಳಿನಿಂದ ಮತ್ತೊಮ್ಮೆ ಮಾಡಿ ತೋರಿಸಿದಳು. ಅವನು ನೋಡಿದ. ಅರ್ಥವಾಯಿತು. “ಬಿಡೇ. ಯಾರಿಗೆ ಗೊತ್ತಾಗತ್ತೆ?” ಎಂದ. “ಆ ಹುಡುಗಿಗೆ ಇದಕ್ಕಿಂತ ಒಳ್ಳೇದೊಂದು ನಾನೇ ಸಿದ್ಧ ಮಾಡಿಕೊಡ್ತೀನಿ. ಹೊಸ ನಳಿಗೆ, ಹೊಸ ಮರ, ದುರ್ಬೀನು. ಮಹಾರಾಣಿ ಥರ ಇರ್ತಾಳೆ.”

“ಅವಳು ಬಂದೂಕು ಬೇಕು ಅಂತ ಬಂದಿದ್ದಲ್ಲ ರೀ.”

“ಮತ್ತೆ?”

“ನಾನು ನಿಮ್ಮ ಮನೆಗೆ ಬಂದ ಹಾಗೇ ಬಂದಿದ್ಳು.”

ಅವನು ಮುಂದಿನ ಕೋಣೆಗೆ ಹೋಗಿ ಲೇತು ಚಾಲೂ ಮಾಡಿದ. ಅದಕ್ಕೆ ಕಬ್ಬಿಣ ಕಚ್ಚಿಸಿರಲಿಲ್ಲ; ಸುಮ್ಮನೆ ತಿರುಗುತ್ತಿತ್ತು. ಆ ಸದ್ದಿನಲ್ಲಿ ಅವಳು ಫೋನು ಮಾಡಿದಳು.

ಹುಡುಗಿ ಮಧ್ಯಾಹ್ನದ ಪಾಳಿ ಮುಗಿಸಿ ನೇರವಾಗಿ ಬಂದಳು. ಸಿಟ್ಟಾಗಿದ್ದಳು.

“ಒಂದು ವಾರದಿಂದ ಅಮ್ಮನ ಹತ್ರ ಮಾತು ಬಿಟ್ಟಿದೀನಿ ಅಕ್ಕಾ. ಅವಳು ‘ನಾನು ಹೇಳಿರ್ಲಿಲ್ವಾ’ ಅಂದ್ಳು, ನಾನು ತಟ್ಟೆ ತಳ್ಳಿ ಎದ್ದೆ. ಈಗ ನೋಡಿದ್ರೆ ಸರಿ ಇದೆ ಅಂತೀರಾ? ನೀವೂ ತಪ್ತೀರಾ?”

“ತಪ್ಪಿದೆ. ಬಿಚ್ಚಿ ನೋಡ್ಬೇಕಿತ್ತು, ಬಿಚ್ಚಲಿಲ್ಲ. ಬೈಯೋದಿದ್ರೆ ಬೈದು ಮುಗಿಸು, ಆಮೇಲೆ ತೋಳು ಚಾಚು. ಅಳತೆ ತಗೋಬೇಕು.”

ಹುಡುಗಿ ಬೈಯಲು ಉಸಿರು ತೆಗೆದುಕೊಂಡಳು. ಆಮೇಲೆ ಅಳು ಬಂದು, ನಗು ಬಂದು, ತೋಳು ಚಾಚಿದಳು. “ನಮ್ಮಮ್ಮನಿಗೆ ನೀವೇ ಫೋನ್ ಮಾಡಿ ಹೇಳ್ಬೇಕು. ನನ್ನ ಮಾತು ನಂಬಲ್ಲ.”

“ಹೇಳ್ತೀನಿ.”

“ಜೋರಾಗಿ ಹೇಳ್ಬೇಕು. ಅವಳಿಗೆ ಒಂದು ಕಿವಿ ಮಂದ, ಇನ್ನೊಂದು ಕಿವಿ ಹಟ.”

ಹುಡುಗಿಯ ತೋಳು ಗಿಡ್ಡ. ಬುಡದಿಂದ ಎರಡು ಬೆರಳಿನಷ್ಟು ಮರ ತೆಗೆಯಬೇಕಾಯಿತು. ಕಾಗದದ ಪಟ್ಟಿ ಅಂಟಿಸಿ, ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸ ಹಿಡಿದು ಅಕ್ಕ ತಾನೇ ಕುಯ್ದಳು. ಗಂಡ ಕೇಳಿದ, “ನಾನು ಮಾಡ್ಲಾ?” ಅವಳು ಬೇಡವೆಂದು ತಲೆ ಆಡಿಸಿದಳು. ಸ್ಕ್ರೂ ಎರಡನ್ನೂ ಮೊದಲೇ ಬಿಚ್ಚಿಟ್ಟಿದ್ದಳು. ಹೊಸ ಬುಡಕ್ಕೆ ತಗಡು ಕೂರಿಸಿ ಅವನ್ನೇ ಅವುಗಳ ಜಾಗಕ್ಕೆ ಹಾಕಿದಳು. ಮೇಜಿನ ಮೇಲೆ ಬಿದ್ದ ಮರದ ತುಂಡಿನ ಹೊಸ ಕುಯ್ತದಲ್ಲಿ ಒಳಮರದ ತಿಳಿಗೆಂಪು ಕಾಣುತ್ತಿತ್ತು. ಅದನ್ನು ಎತ್ತಿ ಬದಿಗಿಟ್ಟುಕೊಳ್ಳೋಣವೆಂದು ಕೈ ಚಾಚುವಷ್ಟರಲ್ಲಿ ಹುಡುಗಿ ಎತ್ತಿಕೊಂಡಿದ್ದಳು.

“ಇದು ನಂಗೇ ಇರ್ಲಿ ಅಕ್ಕಾ? ಅಮ್ಮನಿಗೆ ಕೊಡ್ತೀನಿ. ಎಷ್ಟಂದ್ರೂ ಅವಳಪ್ಪ ಅಲ್ವಾ.”

“ತಗೋ,” ಎಂದಳು ಅಕ್ಕ.

ದುರ್ಬೀನಿಗೆಂದು ಗಂಡ ಮೇಲೆ ನಾಲ್ಕು ತೂತು ಕೊರೆದು, ತಿರುಪು ಕೂರಲು ಒಳಗೆ ಸುರುಳಿ ಗೆರೆ ಕೆತ್ತಿದ. ಈಗ ಕಣ್ಣು ಮೊದಲಿಗಿಂತ ಎತ್ತರಕ್ಕೆ ಬರಬೇಕು; ಆ ಸಣ್ಣ ಮುಖ ಹಳ್ಳದಲ್ಲಿ ಮುಳುಗಿದರೆ ದುರ್ಬೀನಿನ ಬುಡವಷ್ಟೇ ಕಾಣುತ್ತದೆ. ಸಾಮಾನ್ಯವಾಗಿ ಇಂಥಲ್ಲಿ ಹಳ್ಳಕ್ಕೆ ಮರದ ತೇಪೆ ಅಂಟಿಸಿ ಕೆತ್ತಿಬಿಡುವುದು. ಅಕ್ಕ ಹಾಗೆ ಮಾಡಲಿಲ್ಲ. ಚರ್ಮದ ಒಂದು ಹೊದಿಕೆ ಕತ್ತರಿಸಿ, ಒಳಗೆ ಉಣ್ಣೆಯ ಪದರ ಇಟ್ಟು ಎತ್ತರ ಮಾಡಿ, ಮರದ ಸುತ್ತ ಬಿಗಿದು, ಕೆಳಗೆ ಬೂಟಿನ ದಾರದಂತೆ ಹೆಣೆದು ಕಟ್ಟಿದಳು. ಕಟ್ಟುವ ಮೊದಲು ಒಂದು ಗಳಿಗೆ ಆ ಹಳ್ಳದ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಹುಡುಗಿ ಅದನ್ನು ನೋಡಿದಳು.

ಪರೀಕ್ಷೆಗೆ ಊರಾಚೆಯ ಹಳೆಯ ಕಲ್ಲುಗಣಿಗೆ ಹೋದರು. ಮೊದಲ ಗುಂಡನ್ನು ಗಂಡ ಮರದ ಚೌಕಟ್ಟಿಗೆ ಬಂದೂಕು ಬಿಗಿದು, ಬಂಡೆಯ ಹಿಂದೆ ನಿಂತು ದಾರ ಎಳೆದು ಹಾರಿಸಿದ. ಚಿಪ್ಪು ತೆಗೆದು ನೋಡಿದರು: ಸೀಳಿರಲಿಲ್ಲ, ಉಬ್ಬಿರಲಿಲ್ಲ. ಆಮೇಲೆ ದುರ್ಬೀನು ಸರಿಹೊಂದಿಸಲು ಅಕ್ಕ ಕೂತಳು.

ಚರ್ಮದ ಮೇಲೆ ಅವಳ ಕೆನ್ನೆ ಕೂರಲಿಲ್ಲ. ದುರ್ಬೀನಿನ ಅಂಚಿನಲ್ಲಿ ಕಪ್ಪು ನೆರಳು ಅರ್ಧಚಂದ್ರದಂತೆ ಬಂದು ನಿಂತಿತು. ಮುಖ ಒತ್ತಿ, ಹಿಂದೆ ಸರಿದು, ಕತ್ತು ಬಗ್ಗಿಸಿ, ಹೊರಗಿನವಳಂತೆ ಜಾಗ ಹುಡುಕಿ ಹುಡುಕಿ ಗುರಿ ಹಿಡಿದು ಹಾರಿಸಿದಳು. ತಿರುಪು ತಿರುಗಿಸಿದಳು, ಮತ್ತೆ ಹಾರಿಸಿದಳು. ಗುರಿ ಸರಿಬಂತು. ಎದ್ದು ಹುಡುಗಿಗೆ ಜಾಗ ಬಿಟ್ಟಳು.

ಹುಡುಗಿ ಕೂತಳು. ತೋಳು ಚಾಚಿದಳು, ತಲೆ ಇಳಿಸಿದಳು. ಕೆನ್ನೆ ಹುಡುಕಲಿಲ್ಲ, ತಡಕಾಡಲಿಲ್ಲ. ಅಕ್ಕ ಅದನ್ನು ಪಕ್ಕದಲ್ಲಿ ನಿಂತು ನೋಡಿದಳು. ನೋಡುವುದಕ್ಕೆ ಅದು ಹೀಗಿರುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗುಂಡು ಹಾರಿತು. ಕಾಗದದ ನಡುವೆ ಬೆಳಕಿನ ಚುಕ್ಕೆ ಬಿತ್ತು.

“ಅಕ್ಕಾ!” ಹುಡುಗಿ ಎದ್ದು ಕುಣಿದಳು. “ಅಜ್ಜ ಕೆಳಗೇ ಇದಾರೆ ಅಲ್ವಾ? ಚರ್ಮದ ಕೆಳಗೆ?”

“ಇದಾರೆ. ಯಾರನ್ನೂ ಎಬ್ಬಿಸಿಲ್ಲ.”

ಬಂದೂಕನ್ನು ಮತ್ತೆ ಹೂವಿನ ಹೊದಿಕೆಯಲ್ಲಿ ಸುತ್ತಿ ಕಾರಿನಲ್ಲಿಟ್ಟು, ಬಾಗಿಲು ಮುಚ್ಚುವ ಮುಂಚೆ ಹುಡುಗಿ ಕೇಳಿದಳು: “ಮತ್ತೆ ಯಾವಾಗ ತೋರಿಸ್ಬೇಕು?”

“ಪ್ರತಿ ವರ್ಷ,” ಎಂದಳು ಅಕ್ಕ. “ಬೇಟೆ ಕಾಲ ಶುರುವಾಗೋ ಮುಂಚೆ. ತಪ್ಪಿಸಬೇಡ. ನಾಲ್ಕು ದಿನ ನನ್ನ ಹತ್ರ ಬಿಟ್ಟು ಹೋಗು.”

“ನಾಲ್ಕು ದಿನ ಬೇಕಾ?”

“ಬೇಕು.”

ಕಾರು ಗಣಿಯ ಏರು ಹತ್ತಿ ಮರೆಯಾಯಿತು. ಗಂಡ ಚೌಕಟ್ಟು ಬಿಚ್ಚಿ, ದಾರವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಹತ್ತಿರ ಬಂದ.

“ಸರಿಯಾಗಿ ಎಣ್ಣೆ ಹಾಕಿಟ್ರೆ ಐದು ವರ್ಷಕ್ಕೊಮ್ಮೆ ನೋಡಿದ್ರೆ ಸಾಕು ಅಂತಿದ್ರು ನಮ್ಮಪ್ಪ. ನೀನೂ ಊರಿಗೆಲ್ಲ ಹಾಗೇ ಹೇಳ್ತೀಯ. ನೋಡೋದಕ್ಕೂ ಅರ್ಧ ಗಂಟೆ ಸಾಕು.”

“ಹೂಂ,” ಎಂದಳು ಅವಳು, ಏರಿನ ಮೇಲೆ ಇನ್ನೂ ನಿಂತಿದ್ದ ಧೂಳನ್ನು ನೋಡುತ್ತ. “ಹಳೇದು ರೀ. ಆಗಾಗ ನೋಡ್ತಾ ಇರ್ಬೇಕು.”

ಅವನು ದಾರ ಸುತ್ತುವುದನ್ನು ನಿಲ್ಲಿಸದೆ, ಸರಿ ಎಂಬಂತೆ ತಲೆ ಆಡಿಸಿದ.